ಮೇಲಕ್ಕೆ ಹೋದಷ್ಟೂ ಕಿವಿಗೆ ಬೀಳುವುದು ಕಡಿಮೆ

(ಕಲಬುರಗಿಯಲ್ಲಿ ಸಣ್ಣ ಉದ್ಯಮ, ಶಾಲೆ, ಆಸ್ಪತ್ರೆ, ಸಹಕಾರಿ ಸಂಘಗಳನ್ನು ನಡೆಸುವವರ ಮುಂದೆ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ಶರಣು.

ಮೊದಲು ಒಂದು ಸಣ್ಣ ಕೆಲಸ ಕೊಡುತ್ತೇನೆ. ನಿಮ್ಮ ಕೈಯಲ್ಲಿರುವ ಆಮಂತ್ರಣ ಪತ್ರಿಕೆಯ ಹಿಂದಿನ ಪುಟ ಖಾಲಿ ಇದೆ. ಹೋದ ಆರು ತಿಂಗಳಲ್ಲಿ ನಿಮ್ಮ ಕೆಲಸದ ತೊಡಕುಗಳನ್ನು ಯಾರ ಮುಂದೆ ಹೇಳಿಕೊಂಡಿರಿ, ಯಾರ ಸಲಹೆ ಕೇಳಿದಿರಿ? ಅವರ ಹೆಸರು ಬರೆಯಿರಿ. ಹತ್ತು ಸಾಕು. ಆಮೇಲೆ ಆ ಹತ್ತರಲ್ಲಿ ಒಬ್ಬರಿಗೊಬ್ಬರು ಪರಿಚಯ ಇದ್ದವರ ನಡುವೆ ಗೆರೆ ಎಳೆಯಿರಿ.

ಆಯಿತಾ? ಮುಂದಿನ ಸಾಲಿನ ಕೆಲವರ ಹಾಳೆ ನನಗೆ ಇಲ್ಲಿಂದಲೇ ಕಾಣುತ್ತಿದೆ. ಗೆರೆ ತುಂಬಿ ಹೆಸರೇ ಮುಚ್ಚಿಹೋಗಿವೆ. ಹತ್ತೂ ಮಂದಿಗೆ ಹತ್ತೂ ಮಂದಿ ಗೊತ್ತು. ಒಂದೇ ಕಾಲೇಜು, ಒಂದೇ ಓಣಿ, ಒಂದೇ ವ್ಯಾಪಾರ, ಬಹಳ ಸಲ ಒಂದೇ ಜಾತಿ. ಹಾಗಿದ್ದರೆ ಒಂದೇ ಸಲಹೆಯನ್ನು ಹತ್ತು ಬಾಯಿಂದ ಕೇಳಿದ್ದೀರಿ, ಅಷ್ಟೇ.

ಆಮಂತ್ರಣ ಪತ್ರಿಕೆಯಲ್ಲಿ ಇವತ್ತಿನ ವಿಷಯ ‘ನಾಯಕರಿಗೆ ವೃತ್ತಿ ಸಂಪರ್ಕ’ ಎಂದು ಹಾಕಿದ್ದಾರೆ. ಸಂಪರ್ಕ ಎಂದ ಕೂಡಲೇ ನಮಗೆ ನೆನಪಾಗುವವರು ಮೇಲಿನವರು. ಶಾಸಕರು ಗೊತ್ತಾ, ಡಿಸಿ ಆಫೀಸಿನಲ್ಲಿ ಯಾರಿದ್ದಾರೆ, ಬ್ಯಾಂಕ್ ಮ್ಯಾನೇಜರ್ ಯಾರ ಕಡೆಯವರು. ಅದೂ ಬೇಕು, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕೆ ಉಪನ್ಯಾಸ ಬೇಕಾಗಿಲ್ಲ. ಆ ವಿದ್ಯೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ಹೇಳಬೇಕೆಂದು ಬಂದದ್ದು ಇಷ್ಟು: ತಮ್ಮತಮ್ಮಲ್ಲಿ ಮಾತಾಡದ ಗುಂಪುಗಳಿರುತ್ತವೆ. ಮುಖ್ಯಸ್ಥರಾದವರು ಆ ಗುಂಪುಗಳ ನಡುವೆ ಹೋಗಿ ನಿಲ್ಲಬೇಕು. ಸಂಪರ್ಕಕ್ಕೆ ಬಲ ಬರುವುದು ಅಲ್ಲಿ.

ಮುಖ್ಯಸ್ಥರಿಗೇ ಯಾಕೆ ಇದು ಜಾಸ್ತಿ ಬೇಕು? ನೀವು ಸೂಪರ್‌ವೈಸರ್ ಆಗಿದ್ದಾಗ ಸುದ್ದಿ ತಾನಾಗಿಯೇ ಬರುತ್ತಿತ್ತು. ಚಹಾದ ಅಂಗಡಿಯಲ್ಲಿ ನಿಂತರೆ ಸಾಕು. ಯಾವ ಮಷೀನು ಕೈಕೊಡುತ್ತದೆ, ಯಾರು ಬಿಟ್ಟು ಹೋಗುವ ಯೋಚನೆಯಲ್ಲಿದ್ದಾರೆ, ಯಾವ ಗಿರಾಕಿಗೆ ಸಿಟ್ಟು ಬಂದಿದೆ, ಎಲ್ಲ ಗೊತ್ತಾಗುತ್ತಿತ್ತು. ಕ್ಯಾಬಿನ್ ಸಿಕ್ಕ ದಿನದಿಂದ ಜನ ನಿಮ್ಮ ಮುಂದೆ ತೂಗಿ ಮಾತಾಡುತ್ತಾರೆ. ನೀವು ಬಂದರೆ ಚಹಾ ಅಂಗಡಿಯ ಮಾತು ಕ್ರಿಕೆಟ್ ಕಡೆ ಹೊರಳುತ್ತದೆ. ಅದು ಅವರ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಕುರ್ಚಿಯ ಗುಣವೇ ಹಾಗೆ. ಹಾಗಾಗಿ ಮೊದಲು ಪುಕ್ಕಟೆ ಸಿಗುತ್ತಿದ್ದುದನ್ನು ಈಗ ಹುಡುಕಿಕೊಂಡು ಹೋಗಬೇಕು.

ಹರ್ಮಿನಿಯಾ ಇಬಾರ್ರಾ ಮತ್ತು ಮಾರ್ಕ್ ಹಂಟರ್ ಎಂಬ ಇಬ್ಬರು ಅಧ್ಯಾಪಕರು 2007ರಲ್ಲಿ ಇದರ ಬಗ್ಗೆ ಬರೆದರು. ಹೊಸದಾಗಿ ದೊಡ್ಡ ಜವಾಬ್ದಾರಿಗೆ ಏರುತ್ತಿದ್ದ ಮ್ಯಾನೇಜರ್‌ಗಳನ್ನು ಗಮನಿಸಿ ಅವರು ಮೂರು ಬಗೆಯ ಸಂಪರ್ಕ ಗುರುತಿಸಿದರು. ಇವತ್ತಿನ ಕೆಲಸ ಮುಗಿಸಲು ಬೇಕಾದವರು ಒಂದು ಬಗೆ. ನಮ್ಮ ಸ್ವಂತ ಬೆಳವಣಿಗೆಗೆ ನೆರವಾಗುವ ಹೊರಗಿನವರು ಎರಡನೆಯದು. ನಾಳೆ ಯಾವ ದಿಕ್ಕಿಗೆ ಹೋಗಬೇಕು ಎಂದು ಕಾಣಿಸಿಕೊಡುವವರು, ಆ ದಾರಿಯಲ್ಲಿ ನಮ್ಮ ಜೊತೆ ಬರುವವರು ಮೂರನೆಯದು. ಮೊದಲನೆಯದು ಎಲ್ಲರಿಗೂ ಇರುತ್ತದೆ, ಇಲ್ಲದಿದ್ದರೆ ದಿನ ಹೋಗುವುದಿಲ್ಲ. ಸೊರಗುವುದು ಮೂರನೆಯದು. ‘ಕೆಲಸವೇ ಮುಗಿಯಲ್ಲ, ಇನ್ನು ಇದಕ್ಕೆ ಟೈಮ್ ಎಲ್ಲಿ’ ಎನ್ನುತ್ತೇವೆ. ಒಂದು ದಾಲ್ ಮಿಲ್ಲಿನ ಯಜಮಾನರಿಗೆ ಅಡತಿಯವರು (ಕಮಿಷನ್ ಮೇಲೆ ಮಾಲು ಮಾರಿಸಿಕೊಡುವವರು), ಲಾರಿಯವರು, ವಿದ್ಯುತ್ ಕಂಪನಿಯ ಲೈನ್‌ಮನ್ ಎಲ್ಲರ ನಂಬರ್ ಗೊತ್ತು. ಐದು ವರ್ಷದ ಮೇಲೆ ತೊಗರಿ ಬೇಳೆ ಯಾವ ಪ್ಯಾಕೆಟ್ಟಿನಲ್ಲಿ, ಯಾರ ಕೈಯಿಂದ ಮಾರಾಟವಾಗುತ್ತದೆ ಎಂದು ಕೇಳಲು ಒಬ್ಬರ ನಂಬರೂ ಇರುವುದಿಲ್ಲ.

ತೊಗರಿಯ ಮಾತು ಬಂತು. ಕಲಬುರಗಿಯಲ್ಲಿ ನಿಂತು ತೊಗರಿ ಬಿಟ್ಟು ಮಾತಾಡುವುದು ಕಷ್ಟವೇ.

ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಅಡತಿ ಅಂಗಡಿಯವರನ್ನು ನೋಡಿ. ಅವರಿಗೆ ರೈತರು ಗೊತ್ತು, ಮಿಲ್ಲಿನವರು ಗೊತ್ತು, ಹೈದರಾಬಾದ್, ಸೊಲ್ಲಾಪುರದ ವ್ಯಾಪಾರಿಗಳೂ ಗೊತ್ತು. ಆ ಗುಂಪುಗಳು ಒಂದರ ಜೊತೆ ಒಂದು ಕುಳಿತು ಮಾತಾಡುವುದು ಅಪರೂಪ. ನಡುವಿನ ಆ ಜಾಗದಲ್ಲಿ ಅಡತಿಯವರ ಸಂಸಾರ ನಡೆಯುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ರೊನಾಲ್ಡ್ ಬರ್ಟ್ ಇದನ್ನೇ ದೊಡ್ಡ ಕಂಪನಿಗಳ ಒಳಗೆ ಅಳೆದು ನೋಡಿದರು. ಅಲ್ಲಿಯ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯ ನೂರಾರು ಮ್ಯಾನೇಜರ್‌ಗಳನ್ನು ‘ನಿಮ್ಮ ಕೆಲಸ ಸುಧಾರಿಸಲು ಒಂದು ಉಪಾಯ ಹೇಳಿ’ ಎಂದು ಕೇಳಿದರು. ಯಾರ ಉಪಾಯ ಎಂದು ತಿಳಿಸದೆ ಹಿರಿಯರಿಂದ ಅಂಕ ಹಾಕಿಸಿದರು. ಬೇರೆಬೇರೆ ಗುಂಪಿನವರ ಜೊತೆ ಒಡನಾಟ ಇದ್ದವರ ಉಪಾಯಗಳಿಗೆ ಹೆಚ್ಚು ಅಂಕ ಬಂತು. ತಮ್ಮ ಬಳಗದೊಳಗೇ ಸುತ್ತುತ್ತಿದ್ದವರ ಉಪಾಯಗಳು ಹಿಂದೆ ಬಿದ್ದವು. 2004ರಲ್ಲಿ ಪ್ರಕಟವಾದ ಅಧ್ಯಯನ ಅದು. ಹೆಚ್ಚು ಅಂಕ ಪಡೆದವರು ಹೆಚ್ಚು ಬುದ್ಧಿವಂತರು ಎಂದಲ್ಲ. ಒಂದು ಗುಂಪಿನಲ್ಲಿ ಹಳಸಿದ ಮಾತು ಇನ್ನೊಂದು ಗುಂಪಿನಲ್ಲಿ ಹೊಸದಾಗಿರುತ್ತದೆ. ಅದನ್ನು ಆಚೆಯಿಂದ ಈಚೆಗೆ ತಂದರು, ಅಷ್ಟೇ.

ಆದರೆ ಅಡತಿಗೂ ನಾಯಕನಿಗೂ ಒಂದು ವ್ಯತ್ಯಾಸ ಇದೆ. ಎರಡು ಕಡೆಯವರು ನೇರವಾಗಿ ಮಾತಾಡಿಕೊಂಡರೆ ಅಡತಿಯವರಿಗೆ ಕಮಿಷನ್ ಹೋಗುತ್ತದೆ. ನಾಯಕನಿಗೆ ಅಲ್ಲಿಂದಲೇ ಲಾಭ ಶುರು. ಎರಡು ಗುಂಪು ಸೇರಿಸಿ ಪಕ್ಕಕ್ಕೆ ಸರಿದು ಮುಂದಿನ ಸಂದಿ ಹುಡುಕುವವರನ್ನು ಜನ ಮತ್ತೆ ಮತ್ತೆ ಕರೆಯುತ್ತಾರೆ. ‘ಎಲ್ಲವೂ ನನ್ನ ಮೂಲಕವೇ ಹೋಗಬೇಕು’ ಎನ್ನುವವರು ಕೆಲವು ದಿನ ಮಿಂಚುತ್ತಾರೆ. ಆಮೇಲೆ ಜನ ಬಳಸು ದಾರಿ ಹುಡುಕಿಕೊಳ್ಳುತ್ತಾರೆ.

ಸಂದಿ ಎಲ್ಲಿದೆ ಎಂದು ಕೇಳುತ್ತೀರಾ? ಇಲ್ಲೇ ಇದೆ. ನಮ್ಮ ಕೃಷಿ ಸಂಶೋಧನಾ ಕೇಂದ್ರದಿಂದ ಟಿಎಸ್-3ಆರ್, ಜಿಆರ್‌ಜಿ-811ರಂಥ ತೊಗರಿ ತಳಿಗಳು ಬಂದಿವೆ. ಹುಮನಾಬಾದ್ ದಾಟಿ ಹೈದರಾಬಾದ್ ರಸ್ತೆ ಹಿಡಿದರೆ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಸಿಗುತ್ತದೆ. ಅದು 1972ರಿಂದ ಇದೆ. ಗಿಡ ಬಾಡಿ ಒಣಗಿಸುವ ನೆಟೆ ರೋಗ ತಡೆಯುವ ‘ಮಾರುತಿ’ ತಳಿ ಅಲ್ಲಿಯದು. 1986ರಲ್ಲಿ ಕರ್ನಾಟಕಕ್ಕೆ ಎಂದು ಬಿಡುಗಡೆಯಾಯಿತು. ಗಡಿಯಾಚೆಯ ಮಹಾರಾಷ್ಟ್ರದ ಹೊಲಗಳಿಗೂ ಹೋಯಿತು. ರೈತರಿಗೆ ನೆಟೆ ರೋಗ, ಮಳೆಯ ಚಿಂತೆ. ಮಿಲ್ಲಿನವರಿಗೆ ಕಾಳಿನ ಗಾತ್ರ, ಸಿಪ್ಪೆ ಬಿಡುವ ರೀತಿ, ನುಚ್ಚು ಎಷ್ಟು ಬೀಳುತ್ತದೆ ಎಂಬ ಚಿಂತೆ. ಈ ಎರಡನ್ನೂ ತಳಿ ಮಾಡುವವರ ಮುಂದೆ ಒಟ್ಟಿಗೆ ಇಟ್ಟು ಒಂದು ಮಧ್ಯಾಹ್ನ ಮಾತಾಡಿಸಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ, ಸುಮ್ನೆ ಕೇಳಿದೆ. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಅದನ್ನು ಬೆಲೆಯಾಗಿ ಮಾಡಿಕೊಳ್ಳಬೇಕಾದರೂ ಈ ಮೂವರು ಒಂದೇ ಮೇಜಿಗೆ ಬರಬೇಕು. ಆ ಮೇಜು ಹಾಕುವವರು ಸಂಶೋಧಕರೂ ಆಗಬೇಕಿಲ್ಲ, ದೊಡ್ಡ ಶ್ರೀಮಂತರೂ ಆಗಬೇಕಿಲ್ಲ. ಮೂರೂ ಕಡೆ ಒಬ್ಬೊಬ್ಬರು ಗೊತ್ತಿದ್ದರೆ ಸಾಕು.

ಈಗ ‘ಗೊತ್ತಿದ್ದರೆ’ ಎಂದರೆ ಎಷ್ಟು ಗೊತ್ತಿರಬೇಕು? ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಒಂದು ಲೇಖನ ಈ ವಿಷಯದಲ್ಲಿ ಬಹಳ ಹೆಸರುವಾಸಿ. ಬಾಸ್ಟನ್ ಹತ್ತಿರದ ಊರಿನಲ್ಲಿ ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ಮಾತಾಡಿಸಿದರು. ಸುದ್ದಿ ಕೊಟ್ಟವರನ್ನು ಎಷ್ಟು ಸಲ ನೋಡುತ್ತಿದ್ದಿರಿ ಎಂದು ಕೇಳಿದರು. ಪದೇಪದೇ ನೋಡುತ್ತಿದ್ದೆವು ಎಂದವರು ನೂರಕ್ಕೆ 17ರಷ್ಟು. ಆಗೊಮ್ಮೆ ಈಗೊಮ್ಮೆ ಎಂದವರು 56ರಷ್ಟು. ವರ್ಷಕ್ಕೊಮ್ಮೆಯೋ ಅದಕ್ಕಿಂತ ಕಡಿಮೆಯೋ ಎಂದವರು 28ರಷ್ಟು. ಅಂದರೆ ಕೆಲಸದ ಸುದ್ದಿ ಹೆಚ್ಚಾಗಿ ಬಂದದ್ದು ಆಪ್ತರಿಂದಲ್ಲ, ದೂರದ ಪರಿಚಯದವರಿಂದ. ಅದು 54 ಜನರ ಲೆಕ್ಕ, ಸಣ್ಣದು. ಆದರೆ 2022ರಲ್ಲಿ, ಉದ್ಯೋಗ ಸಂಪರ್ಕದ ಜಾಲತಾಣವಾದ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ಪರೀಕ್ಷೆ ನಡೆಸಿದಾಗಲೂ ಆ ಮಾತು ಬಹುಮಟ್ಟಿಗೆ ನಿಂತಿತು. ಒಂದು ತಿದ್ದುಪಡಿ ಮಾತ್ರ ಬಂತು. ತೀರಾ ಮುಖಪರಿಚಯ ಇದ್ದವರಿಗಿಂತ, ಒಂದಷ್ಟು ಬಳಕೆ ಇದ್ದವರಿಂದ ಹೆಚ್ಚು ಉಪಯೋಗ.

ನಮ್ಮ ಕಡೆ ಆ ಒಂದಷ್ಟು ಬಳಕೆಯವರು ಎಲ್ಲಿ ಸಿಗುತ್ತಾರೆ ಹೇಳಿ? ಮದುವೆಯಲ್ಲಿ! ಬೇಸಿಗೆಯಲ್ಲಿ ದಿನಕ್ಕೆ ಎರಡೆರಡು ಮದುವೆಗೆ ಹೋಗುತ್ತೇವೆ. ಅಲ್ಲಿ ಏನು ಮಾಡುತ್ತೇವೆ? ನಮ್ಮ ಕಾರಿನಲ್ಲೇ ಬಂದವರ ಪಕ್ಕ ಕುಳಿತು ಉಂಡು, ಅದೇ ಕಾರಿನಲ್ಲಿ ವಾಪಸ್. ಶರಣಬಸವೇಶ್ವರ ಅಪ್ಪನವರ ಜಾತ್ರೆಗೂ ಹಾಗೇ, ಬಂದೇ ನವಾಜ್ ದರ್ಗಾದ ಉರುಸಿಗೂ ಹಾಗೇ. ಊರೆಲ್ಲ ಒಂದೆಡೆ ಸೇರಿದಾಗಲೂ ನಮ್ಮವರ ಜೊತೆಯೇ ತಿರುಗುತ್ತೇವೆ. ಈ ನೆಲದಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಬಲ್ಲವರು ಒಂದೇ ಬಸ್ಸಿನಲ್ಲಿ ಸಿಗುತ್ತಾರೆ. ಆಸ್ಪತ್ರೆಗೆ ಸೊಲ್ಲಾಪುರ, ವ್ಯಾಪಾರಕ್ಕೆ ಹೈದರಾಬಾದ್, ಫೈಲಿಗೆ ಬೆಂಗಳೂರು. ಇಷ್ಟು ದಿಕ್ಕುಗಳ ನಡುವೆ ಇರುವ ಜಿಲ್ಲೆಗಳು ರಾಜ್ಯದಲ್ಲಿ ಕಡಿಮೆ. ನಾವು ಇದನ್ನು ‘ಹಿಂದುಳಿದ ಗಡಿ ಭಾಗ’ ಎಂದು ಹೇಳಿಕೊಳ್ಳುತ್ತೇವೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ಅರ್ಜಿ ಬರೆಯುವಾಗ ಅದು ಸರಿ. ಸಂಪರ್ಕದ ಮಾತು ಬಂದಾಗ ಇದು ನಮ್ಮ ಆಸ್ತಿ. ಬಸವಕಲ್ಯಾಣದ ಹೆಸರು ಎತ್ತದೆ ಹೋದರೆ ನೀವು ಬೈಯುತ್ತೀರಿ, ಆದ್ದರಿಂದ ಒಂದೇ ಮಾತು: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ಇವರೆಲ್ಲ ಬೇರೆಬೇರೆ ಕಾಯಕದವರು, ಬೇರೆಬೇರೆ ಊರಿನಿಂದ ಬಂದವರು. ಅಲ್ಲಿ ಅವರು ಪರಸ್ಪರ ಪ್ರಶ್ನೆ ಕೇಳಲು ಕುಳಿತರು. ಈಗ ನಾವು ಅವರ ಭಾವಚಿತ್ರಗಳನ್ನು ಜಾತಿವಾರು ಸಂಘಗಳಲ್ಲಿ ಹಂಚಿ ನೇತುಹಾಕಿದ್ದೇವೆ.

ಇನ್ನು ಬೀದರಿನ ಒಂದು ಕಥೆ ಹೇಳಬೇಕು. ನನ್ನ ಮಟ್ಟಿಗೆ ಈ ವಿಷಯದ ತಿರುಳೇ ಅದರಲ್ಲಿದೆ.

ಬೀದರ ಕೋಟೆಯ ಕಡೆ ಹೋಗುವಾಗ ಮಹಮೂದ್ ಗಾವಾನನ ಮದರಸಾ ನೋಡೇ ಇರುತ್ತೀರಿ. 1472ರ ಕಟ್ಟಡ. ಗಾವಾನ ಇರಾನಿನ ಗೀಲಾನ್ ಕಡೆಯವನು. ವ್ಯಾಪಾರಿಯಾಗಿ ಬೀದರಿಗೆ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ. ಸಂಪರ್ಕ ಎಂದರೆ ಅವನದು. ತುರ್ಕಿಯ ಸುಲ್ತಾನನಿಗೆ ಪತ್ರ ಬರೆಯುತ್ತಿದ್ದ. ಹೆರಾತಿನಲ್ಲಿದ್ದ ಕವಿ ಜಾಮಿಗೂ ಅವನಿಗೂ ಪತ್ರ ವ್ಯವಹಾರ ಇತ್ತು. ದೂರದೂರದ ವಿದ್ವಾಂಸರನ್ನು ಮದರಸಾಕ್ಕೆ ಕರೆಸಿದ. ಆ ಕಾಲದಲ್ಲಿ ಒಂದು ಪತ್ರ ಸಮುದ್ರ ದಾಟಿ ಉತ್ತರ ಬರಲು ಎಷ್ಟು ದಿನ ಹಿಡಿಯುತ್ತಿತ್ತು ಎಂದು ಯೋಚಿಸಿ.

ಬೀದರಿನ ದರ್ಬಾರಿನಲ್ಲಿ ಎರಡು ಬಣ ಇದ್ದವು. ಇಲ್ಲೇ ನೆಲೆಯಾದ ದಖನಿಗಳು, ಹೊರಗಿನಿಂದ ಬಂದ ಅಫಾಕಿಗಳು. ಗಾವಾನ ಹೊರಗಿನವನು, ಆದರೂ ಜಾಣ. ಎರಡೂ ಬಣಗಳಿಗೆ ಸ್ಥಾನಮಾನ ಹಂಚಿ ಸಮತೋಲ ಮಾಡಲು ನೋಡಿದ. ಆಡಳಿತವನ್ನೂ ತಿದ್ದಿದ. ನಾಲ್ಕು ಪ್ರಾಂತಗಳನ್ನು ಎಂಟು ಮಾಡಿದ. ಪ್ರಾಂತಾಧಿಕಾರಿಗಳ ಕೈಯಲ್ಲಿದ್ದ ಕೋಟೆಗಳನ್ನು ಕಡಿಮೆ ಮಾಡಿದ. ರಾಜ್ಯಕ್ಕೆ ಅದು ಒಳ್ಳೆಯದು, ಅಧಿಕಾರ ಕಳೆದುಕೊಂಡವರಿಗೆ ಸಂಕಟ. ವಿರೋಧಿಗಳು ಗಾವಾನನ ಮೊಹರು ಇಟ್ಟುಕೊಂಡಿದ್ದ ಆಳನ್ನು ಒಲಿಸಿಕೊಂಡರು. ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿದರು. ಒಡಿಶಾದ ರಾಜನಿಗೆ ‘ದಂಡೆತ್ತಿ ಬಾ’ ಎಂದು ಕರೆಯುವ ಪತ್ರ ಅದರ ಮೇಲೆ ಬರೆದರು. ಸುಲ್ತಾನ ಮೂರನೇ ಮಹಮ್ಮದ್ ಶಾ ಅದನ್ನು ನಂಬಿದ. 1481ರ ಏಪ್ರಿಲ್‌ನಲ್ಲಿ ಗಾವಾನನ ತಲೆ ತೆಗೆಸಿದ. ಮರುವರ್ಷ ಸುಲ್ತಾನನೂ ಸತ್ತ. ಆಮೇಲೆ ರಾಜ್ಯ ಐದು ಹೋಳಾಗುವ ದಾರಿ ಹಿಡಿಯಿತು.

ಇದನ್ನು ಸಾಮಾನ್ಯವಾಗಿ ಪಿತೂರಿಯ ಕಥೆಯಾಗಿ ಹೇಳುತ್ತಾರೆ. ನನಗೆ ಇದು ಸಂಪರ್ಕದ ಕಥೆಯಾಗಿಯೂ ಕಾಣುತ್ತದೆ. ಅವನಿಗೆ ಹೆರಾತಿನ ಸುದ್ದಿ ಬರುತ್ತಿತ್ತು, ತನ್ನದೇ ಕಚೇರಿಯ ಸುದ್ದಿ ಬರಲಿಲ್ಲ. ಇನ್ನೊಂದು ಬಣಕ್ಕೆ ಹುದ್ದೆ ಕೊಟ್ಟಿದ್ದ. ‘ಸಾಹೇಬರೇ, ನಿಮ್ಮ ಮೊಹರಿನ ಬಗ್ಗೆ ಹುಷಾರು’ ಎಂದು ಬಂದು ಹೇಳುವವರು ಆ ಬಣದಲ್ಲಿ ಒಬ್ಬರೂ ಇದ್ದಂತಿಲ್ಲ. ಹುದ್ದೆ ಕೊಟ್ಟರೆ ಬಾಯಿ ಮುಚ್ಚುತ್ತದೆ, ಕಿವಿಗೆ ಬಂದು ಹೇಳುವಷ್ಟು ಸಲಿಗೆ ಬರುವುದಿಲ್ಲ. ಇವತ್ತಿನ ಎಷ್ಟೋ ಮುಖ್ಯಸ್ಥರು ಹೀಗೇ ಇದ್ದಾರೆ. ದುಬೈ, ದೆಹಲಿಯವರ ಜೊತೆ ಫೋಟೋ ಇರುತ್ತದೆ. ಅವರ ಅಕೌಂಟೆಂಟ್ ಮೂರು ತಿಂಗಳಿಂದ ಬೇರೆ ಕೆಲಸ ಹುಡುಕುತ್ತಿರುವುದು ಊರಿಗೆಲ್ಲ ಗೊತ್ತು, ಅವರಿಗೆ ಗೊತ್ತಿಲ್ಲ.

ಹಾಗಾಗಿ ನನ್ನ ಸಲಹೆ: ಸಂಪರ್ಕ ಕಟ್ಟುವುದನ್ನು ಬೆಂಗಳೂರಿನಿಂದ ಶುರು ಮಾಡಬೇಡಿ. ಮೊದಲು ನಿಮ್ಮದೇ ಸಂಸ್ಥೆಯಲ್ಲಿ ನಿಮ್ಮನ್ನು ಇಷ್ಟಪಡದ ಬಣದ ಒಬ್ಬರನ್ನು ಹುಡುಕಿ. ಅವರ ಜೊತೆ ವಾರಕ್ಕೊಮ್ಮೆಯಾದರೂ ಕೆಲಸ ಬಿಟ್ಟು ಬೇರೆ ಮಾತಾಡಿ. ಸ್ಟೋರ್ ಕೀಪರ್, ಡ್ರೈವರ್, ರಾತ್ರಿ ಪಾಳಿಯ ನರ್ಸ್, ಗೇಟಿನ ವಾಚ್‌ಮನ್. ಇವರ ಹೆಸರು ನಿಮ್ಮ ಹತ್ತರ ಪಟ್ಟಿಯಲ್ಲಿ ಯಾಕಿಲ್ಲ?

ಹೆಣ್ಣುಮಕ್ಕಳ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಅವರ ಲೆಕ್ಕವೇ ಬೇರೆ. ಇಬಾರ್ರಾ 1992ರಲ್ಲಿ ಒಂದು ಜಾಹೀರಾತು ಕಂಪನಿಯಲ್ಲಿ ಇದನ್ನು ಅಧ್ಯಯನ ಮಾಡಿದ್ದರು. ಅಲ್ಲಿ ಗಂಡಸರಿಗೆ ಸ್ನೇಹವೂ ಕೆಲಸದ ನೆರವೂ ಗಂಡಸರಿಂದಲೇ ಸಿಗುತ್ತಿತ್ತು. ಹೆಂಗಸರು ಸ್ನೇಹಕ್ಕೆ ಹೆಂಗಸರ ಕಡೆ, ಕೆಲಸದ ನೆರವಿಗೆ ಗಂಡಸರ ಕಡೆ ಹೋಗಬೇಕಾಗುತ್ತಿತ್ತು. ಅಂದರೆ ಎರಡು ಬಳಗ ಸಾಕಬೇಕು, ಎರಡು ಪಟ್ಟು ಸಮಯ. ನಮ್ಮಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ಗಂಡಸರ ಅರ್ಧ ವ್ಯವಹಾರ ರಾತ್ರಿ ಒಂಬತ್ತರ ಮೇಲೆ ಢಾಬಾದಲ್ಲಿ ತೀರ್ಮಾನವಾಗುತ್ತದೆ. ಮರುದಿನ ಮೀಟಿಂಗಿನಲ್ಲಿ ಮೇಡಮ್ ಬಾಯಿ ತೆರೆಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಇಲ್ಲಿರುವ ಗಂಡಸರಿಗೆ ನನ್ನದೊಂದು ನೇರ ಬೇಡಿಕೆ. ಮುಖ್ಯ ಮಾತುಗಳನ್ನು ಬೆಳಗಿನ ಹನ್ನೊಂದು ಗಂಟೆಯ ಚಹಾಕ್ಕೆ ತನ್ನಿ. ಉಪಕಾರ ಎಂದು ಅಲ್ಲ. ಅವರು ಇಲ್ಲದಿದ್ದಾಗ ನಿಮ್ಮ ಕಿವಿಗೆ ಬೀಳದ ಸುದ್ದಿ ಎಷ್ಟಿದೆ ಎಂದು ನಿಮಗೆ ಗೊತ್ತಿಲ್ಲ.

ಈಗ ಬೆಂಗಳೂರಿಗೆ ಬರೋಣ. 1958ರಲ್ಲಿ ಶುರುವಾದ ನಮ್ಮೂರಿನ ಪಿಡಿಎ ಎಂಜಿನಿಯರಿಂಗ್ ಕಾಲೇಜು ಎಂಜಿನಿಯರುಗಳನ್ನು ಹೊರಗೆ ಕಳಿಸುತ್ತಲೇ ಇದೆ. ನಮ್ಮ ಜೊತೆ ಓದಿದವರು ಪುಣೆ, ಹೈದರಾಬಾದ್, ಬೆಂಗಳೂರು, ಅಮೆರಿಕ ಎಲ್ಲ ಕಡೆ ಇದ್ದಾರೆ. ಹತ್ತು ವರ್ಷದಿಂದ ಮಾತಾಡಿಲ್ಲ. ‘ಈಗ ಫೋನ್ ಮಾಡಿದರೆ ಕೆಲಸಕ್ಕೆ ಮಾಡಿದ ಅಂದುಕೊಳ್ಳುತ್ತಾನೆ’ ಎಂಬ ಸಂಕೋಚ. 2011ರಲ್ಲಿ ಮೂವರು ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಕನಿಷ್ಠ 3 ವರ್ಷ ಮಾತು ಬಿಟ್ಟವರನ್ನು ಹುಡುಕಿ, ನಡೆಯುತ್ತಿರುವ ಒಂದು ಕೆಲಸಕ್ಕೆ ಸಲಹೆ ಕೇಳಿ ಎಂದು ಮ್ಯಾನೇಜರ್‌ಗಳಿಗೆ ಹೇಳಿದರು. ದಿನಾ ಮಾತಾಡುವವರ ಸಲಹೆಗೆ ಹೋಲಿಸಿದರೆ ಆ ಹಳಬರ ಸಲಹೆ ಕಡಿಮೆಯೇನೂ ಇರಲಿಲ್ಲ. ಹೊಸತನದಲ್ಲಂತೂ ಮುಂದಿತ್ತು. ಕಾರಣ ಸುಲಭ. ಅವರು ಈ ನಡುವೆ ಬೇರೆ ಲೋಕ ನೋಡಿದ್ದಾರೆ, ಹಳೆಯ ನಂಬಿಕೆ ಮಾತ್ರ ಹಾಗೇ ಉಳಿದಿದೆ.

ಫೋನ್ ಮಾಡುವಾಗ ಸುತ್ತಿ ಬಳಸಬೇಡಿ. ಅರ್ಧ ಗಂಟೆ ‘ಮನೆಯಲ್ಲಿ ಎಲ್ಲರೂ ಆರಾಮಾ’ ಎಂದು ಕೊನೆಗೆ ‘ಅಂದ ಹಾಗೆ’ ಎಂದರೆ ಅವರಿಗೆ ಬೇಸರವಾಗುತ್ತದೆ. ‘ಒಂದು ವಿಷಯ ನಿನಗೆ ಗೊತ್ತಿರುತ್ತದೆ ಅನ್ನಿಸಿತು, ಹತ್ತು ನಿಮಿಷ ಬೇಕು’ ಎನ್ನಿ. ಸಲಹೆ ಕೇಳಿ, ಸಹಾಯ ಕೇಳಬೇಡಿ. ಸಲಹೆ ಕೊಡುವುದು ಎಲ್ಲರಿಗೂ ಇಷ್ಟ. ಸಹಾಯ ಬೇಕಾದರೆ ಅವರಾಗಿಯೇ ಮುಂದೆ ಬರುತ್ತಾರೆ. ಆಮೇಲೆ ಅವರ ಸಲಹೆಯಿಂದ ಏನಾಯಿತು ಎಂದು ಎರಡು ಸಾಲು ಬರೆದು ಕಳಿಸಿ. ಈ ಎರಡು ಸಾಲು ಬರೆಯುವವರು ಬಹಳ ಕಡಿಮೆ.

ಪರಿಚಯ ಮಾಡಿಸುವುದಕ್ಕೂ ಒಂದು ರೀತಿ ಇದೆ. ‘ನಂಬರ್ ಕೊಡ್ತೀನಿ, ನನ್ನ ಹೆಸರು ಹೇಳು’ ಎಂದರೆ ಪರಿಚಯ ಮಾಡಿಸಿದಂತಲ್ಲ, ಕೈತೊಳೆದುಕೊಂಡಂತೆ. ಆಚೆಯವರನ್ನು ಮೊದಲು ಕೇಳಿ. ಅವರು ಹೂಂ ಎಂದ ಮೇಲೆ ಇಬ್ಬರಿಗೂ ಸೇರಿಸಿ ಒಂದು ಸಂದೇಶ ಹಾಕಿ. ಯಾಕೆ ಇಬ್ಬರೂ ಮಾತಾಡಬೇಕು ಎಂದು ಒಂದೇ ವಾಕ್ಯದಲ್ಲಿ ಹೇಳಿ. ಆಮೇಲೆ ಪಕ್ಕಕ್ಕೆ ಸರಿಯಿರಿ.

ಫೋನಿನಲ್ಲಿ ಮೂರು ಸಾವಿರ ನಂಬರ್ ಇದೆ ಎನ್ನುವವರಿಗೆ ಒಂದು ಮಾತು. ರಾಬಿನ್ ಡನ್ಬಾರ್ ಎಂಬ ವಿಜ್ಞಾನಿ ಒಬ್ಬ ಮನುಷ್ಯ ಸುಮಾರು 150 ಜನರ ಜೊತೆಗಷ್ಟೇ ನಿಜವಾದ ಸಂಬಂಧ ಇಟ್ಟುಕೊಳ್ಳಬಲ್ಲ ಎಂದಿದ್ದಾರೆ. ಆ ಸಂಖ್ಯೆಯ ಬಗ್ಗೆ ತಕರಾರು ಇದೆ. ಆದರೆ ಯಾರೂ ಅದನ್ನು ಮೂರು ಸಾವಿರ ಎಂದಿಲ್ಲ.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು. ಅವನ್ನೂ ಸೇರಿಸುತ್ತೇನೆ.

ಹಿಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು: “ಸರ, ಇದು ವಶೀಲಿ ಹಚ್ಚೋದು ಅಲ್ಲೇನ್ರಿ?”

ಅವರ ಅನುಮಾನ ಸರಿಯಾದದ್ದೇ. ನಾನು ಹೇಳಿದ ಉತ್ತರ: ವಶೀಲಿಯಲ್ಲಿ ಇನ್ನೊಬ್ಬರ ಸರದಿ ತಪ್ಪುತ್ತದೆ. ಟೆಂಡರು, ಸೀಟು, ವರ್ಗಾವಣೆ, ಯಾವುದೇ ಇರಲಿ, ಸಾಲಿನಲ್ಲಿ ನಿಂತ ಯಾರೋ ಒಬ್ಬರು ಹಿಂದೆ ಬೀಳುತ್ತಾರೆ. ಸಂಪರ್ಕದಲ್ಲಿ ಸಿಗುವುದು ಸುದ್ದಿ, ಸಲಹೆ, ಹೊಸ ಮನುಷ್ಯರು. ಅಲ್ಲಿ ಯಾರೂ ಹಿಂದೆ ಬೀಳುವುದಿಲ್ಲ. ಅನುಮಾನ ಬಂದಾಗ ನಾನು ಒಂದು ಪರೀಕ್ಷೆ ಮಾಡುತ್ತೇನೆ: ಈ ಫೋನ್ ಮಾತನ್ನು ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರೆ ನನಗೆ ನಾಚಿಕೆ ಆಗುತ್ತದಾ? ಆಗುತ್ತದೆ ಎಂದರೆ ಅದು ವಶೀಲಿ. ಹಿರಿಯರು ನಕ್ಕರು, ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ನಮ್ಮ ಊರಿನಲ್ಲಿ ಎರಡರ ನಡುವಿನ ಗೆರೆ ತೆಳ್ಳಗೇ ಇದೆ, ಅದೂ ನಿಜ.

ಇನ್ನೊಬ್ಬರು ಯುವ ಮುಖ್ಯೋಪಾಧ್ಯಾಯರು, ಯಾದಗಿರಿ ಕಡೆಯವರು. “ನನಗ ಮಂದಿ ನಡುವ ಮಾತಾಡಾಕ ಬರಂಗಿಲ್ರಿ. ನಾ ಏನ್ ಮಾಡ್ಲಿ?” ಎಂದರು.

ಗುಂಪಿನಲ್ಲಿ ಕೈಕುಲುಕುತ್ತಾ ತಿರುಗುವುದು ಎಲ್ಲರಿಗೂ ಒಗ್ಗುವುದಿಲ್ಲ, ಒಗ್ಗಬೇಕಾಗಿಯೂ ಇಲ್ಲ ಎಂದೆ. ಕಾರ್ಯಕ್ರಮದಲ್ಲಿ ಒಂದು ಕೆಲಸ ಹಿಡಿದುಕೊಳ್ಳಿ. ಬಾಗಿಲ ಬಳಿ ಹೆಸರು ಬರೆದುಕೊಳ್ಳುವ ಮೇಜು ಇರುತ್ತದಲ್ಲ, ಅಲ್ಲಿ ಕುಳಿತುಕೊಳ್ಳಿ. ಬಂದವರೆಲ್ಲ ನಿಮ್ಮ ಹತ್ತಿರವೇ ಬಂದು ಹೆಸರು, ಊರು, ಕೆಲಸ ಹೇಳಿ ಹೋಗುತ್ತಾರೆ. ಅವರಲ್ಲಿ ಇಬ್ಬರನ್ನು ಆರಿಸಿಕೊಂಡು ಮುಂದಿನ ವಾರ ಚಹಾಕ್ಕೆ ಕರೆಯಿರಿ. ಅವರಿಬ್ಬರಿಗೂ ಒಬ್ಬರಿಗೊಬ್ಬರು ಪರಿಚಯ ಇರದಿದ್ದರೆ ಇನ್ನೂ ಚೆನ್ನ. ಸಂಘಟಕರು ವೇದಿಕೆಯ ಪಕ್ಕದಲ್ಲೇ ನಿಂತಿದ್ದರು. ಮುಂದಿನ ಕಾರ್ಯಕ್ರಮಕ್ಕೆ ಆ ಮೇಜಿಗೆ ಯಾರೂ ಸಿಕ್ಕಿಲ್ಲ ಎಂದು ಅವರೇ ಮೈಕಿನಲ್ಲಿ ಹೇಳಿದರು. ಆ ಮುಖ್ಯೋಪಾಧ್ಯಾಯರು ಅಲ್ಲೇ ಹೆಸರು ಕೊಟ್ಟರು.